ಪ್ರಮಾಣಪತ್ರ ಬೇಡ, ಕಾಲು ಗಂಟೆ ಕೊಡಿ

ತಾಲ್ಲೂಕು ಸಾಹಿತ್ಯ ಸಮ್ಮೇಳನ ಬಂತೆಂದರೆ ನಮ್ಮ ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಜಗಳ ಶುರುವಾಗುವುದು ಆಮಂತ್ರಣ ಪತ್ರಿಕೆಯ ಒಳಪುಟದಿಂದ. ಕವಿಗೋಷ್ಠಿಯಲ್ಲಿ ಯಾರ ಹೆಸರಿದೆ, ಯಾರದು ಬಿಟ್ಟುಹೋಗಿದೆ, ಯಾವ ಜಾತಿಯವರು ಎಷ್ಟು, ಅಧ್ಯಕ್ಷರ ಬಳಗದವರು ಎಷ್ಟು. ಬಿಟ್ಟುಹೋದವರು ಮುನಿಸಿಕೊಳ್ಳುತ್ತಾರೆ, ಅವರನ್ನು ಸಮಾಧಾನ ಮಾಡಲು ಪಟ್ಟಿ ಉದ್ದವಾಗುತ್ತದೆ. ಮಸ್ಕಿ ಪ್ರತ್ಯೇಕ ತಾಲ್ಲೂಕಾದ ಮೇಲಂತೂ ಸಾಹಿತ್ಯ ಪರಿಷತ್ತಿನ ಇನ್ನೊಂದು ಘಟಕ, ಇನ್ನೊಂದು ಪಟ್ಟಿ.

ಪಟ್ಟಿಯ ಜಗಳ ಸಣ್ಣದೆಂದು ಹೇಳುತ್ತಿಲ್ಲ. ಹಾವೇರಿಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದಲ್ಲಿ ಮುಸ್ಲಿಂ ಲೇಖಕರನ್ನು ಕಡೆಗಣಿಸಲಾಗಿದೆ ಎಂದು ಸಿಟ್ಟಿಗೆದ್ದವರು 2023ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಜನಸಾಹಿತ್ಯ ಸಮ್ಮೇಳನ ನಡೆಸಿದರು. ಸರಿಯಾಗಿಯೇ ಮಾಡಿದರು. ಆದರೆ ನಮ್ಮ ಪಟ್ಟಿಗಳಲ್ಲಿ ಹೆಸರು ಬಂದವರಿಗೆ ಸಿಗುವುದಾದರೂ ಏನು?

ಕಾರ್ಯಕ್ರಮ ಹತ್ತಕ್ಕೆ, ಶಾಸಕರು ಬರುವುದು ಹನ್ನೆರಡಕ್ಕೆ. ನಾಡಗೀತೆ, ರೈತಗೀತೆ, ಸ್ವಾಗತ, ಪ್ರಾಸ್ತಾವಿಕ ನುಡಿ. ಮಸ್ಕಿಯಾದರೆ ಭಾಷಣಕ್ಕೆ 1915ರಲ್ಲಿ ಸಿಕ್ಕ ಅಶೋಕನ ಶಾಸನ, ಲಿಂಗಸುಗೂರಾದರೆ ಹಟ್ಟಿಯ ಚಿನ್ನ, ಮುದಗಲ್ಲಿನ ಕೋಟೆ, ಸಿಂಧನೂರಾದರೆ ಭತ್ತದ ಕಣಜ. ಎರಡು ಗಂಟೆಗೆ ಇಟ್ಟ ಕವಿಗೋಷ್ಠಿ ನಾಲ್ಕೂವರೆಗೆ ಶುರು. ಅಷ್ಟೊತ್ತಿಗೆ ಊಟ ಮುಗಿಸಿದ ಜನ ಊರು ಸೇರಿರುತ್ತಾರೆ. ‘ಒಂದೇ ಕವಿತೆ, ಎರಡೇ ನಿಮಿಷ’ ಎಂದು ನಿರೂಪಕರ ತಾಕೀತು. ಕವಿ ಮೊಬೈಲ್ ನೋಡಿಕೊಂಡು ಓದುತ್ತಾನೆ, ಗೆಳೆಯ ಕೆಳಗಿನಿಂದ ವಿಡಿಯೊ ಮಾಡುತ್ತಾನೆ. ಶಾಲು, ಪ್ರಮಾಣಪತ್ರ, ಫೋಟೊ ಆದ ಮೇಲೆ ಇಬ್ಬರೂ ಬಸ್ ಸ್ಟ್ಯಾಂಡಿನ ಕಡೆಗೆ. ಕಟ್ಟಕಡೆಯ ಕವಿಗೆ ಉಳಿಯುವ ಕೇಳುಗರು ಗೋಷ್ಠಿಯ ಅಧ್ಯಕ್ಷರು ಮತ್ತು ಕುರ್ಚಿ ಎಣಿಸುವ ಶಾಮಿಯಾನದ ಹುಡುಗರು. ಅಧ್ಯಕ್ಷರೂ ಒಂದು ಕಣ್ಣು ಗಡಿಯಾರದ ಮೇಲೆ ಇಟ್ಟಿರುತ್ತಾರೆನ್ನಿ.

‘ಈಗ ಕೇಳುವವರು ಯಾರಿದ್ದಾರೆ ಸರ್’ ಎನ್ನುವ ಸಂಘಟಕರ ಮಾತನ್ನು ನಾನು ಒಪ್ಪುವುದಿಲ್ಲ. ಸಿಂಧನೂರು ತಾಲ್ಲೂಕಿನ ಅಂಬಾಮಠದ ಚಿದಾನಂದಾವಧೂತರು ಬರೆದ ದೇವಿಪುರಾಣ ಇವತ್ತಿಗೂ ನವರಾತ್ರಿಯಲ್ಲಿ ಊರೂರಿನ ಗುಡಿಗಳಲ್ಲಿ ಓದಿಸಿಕೊಳ್ಳುತ್ತದೆ. ಒಬ್ಬರು ಷಟ್ಪದಿಯನ್ನು ಹಾಡಿ ನಿಲ್ಲಿಸುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ. ಓದುವವರು ತಪ್ಪಿದರೆ ಕೂತವರಲ್ಲೇ ಯಾರೋ ತಿದ್ದುತ್ತಾರೆ, ಅವರಲ್ಲಿ ಶಾಲೆಯ ಮೆಟ್ಟಿಲು ಹತ್ತದ ಹೆಂಗಸರೂ ಇರುತ್ತಾರೆ. ಮೊಹರಂ ಬಂದರೆ ಮುದಗಲ್ಲಿನ ಸೀಮೆಯಲ್ಲಿ ಕರ್ಬಲಾದ ಕಥೆ ಕನ್ನಡದ ರಿವಾಯತ್ ಪದಗಳಾಗಿ ರಾತ್ರಿಯಿಡೀ ನಡೆಯುತ್ತದೆ. ಹಾಡುವವರಲ್ಲೂ ಕೇಳುವವರಲ್ಲೂ ಎರಡೂ ಧರ್ಮದವರಿದ್ದಾರೆ. 1948ರವರೆಗೆ ನಿಜಾಮರ ಆಡಳಿತದಲ್ಲಿದ್ದ ಈ ನೆಲಕ್ಕೆ ಉರ್ದು ಕವಿಗೋಷ್ಠಿಯ, ಅಂದರೆ ಮುಷಾಯಿರಾದ, ಪಾಠವೂ ಆಗಿದೆ. ಸಾಲು ಹಿಡಿಸಿದರೆ ಕೇಳುಗರು ‘ಮುಕರ್ರರ್’ ಎನ್ನಬೇಕು, ಕವಿ ಮತ್ತೆ ಓದಬೇಕು. ಕನ್ನಡಕ್ಕೆ ಗಜಲ್ ಒಗ್ಗಿಸಿದವರಲ್ಲಿ ಮೊದಲಿಗರಾದ, 2006ರ ಬೀದರ್ ಸಮ್ಮೇಳನದ ಅಧ್ಯಕ್ಷ ಶಾಂತರಸರು ಇದೇ ಜಿಲ್ಲೆಯ ಹೆಂಬೆರಾಳದವರು. ಇಂಥ ಕಡೆ ಕೇಳುವವರಿಲ್ಲ ಎಂದರೆ ನಂಬುವುದು ಹೇಗೆ? ಗುಡಿಯಲ್ಲಿ, ಮೊಹರಂನ ಅಲಾಯಿ ಕುಣಿಯ ಸುತ್ತ ಕೂರುವ ಜನ ನಮ್ಮ ಶಾಮಿಯಾನದಲ್ಲಿ ಏಕೆ ಕೂರುವುದಿಲ್ಲ ಎಂಬುದನ್ನು ಘಟಕಗಳು ತಮ್ಮನ್ನೇ ಕೇಳಿಕೊಳ್ಳಬೇಕು.

ನೆರೆಯ ಕೊಪ್ಪಳ ಜಿಲ್ಲೆಯಲ್ಲಿ ಒಂದು ಕವಿತೆಯನ್ನು ಬಹಳ ಗಮನವಿಟ್ಟು ಕೇಳಿದ್ದುಂಟು. 2020ರ ಜನವರಿಯಲ್ಲಿ ಆನೆಗೊಂದಿ ಉತ್ಸವದ ಕವಿಗೋಷ್ಠಿಯಲ್ಲಿ ಸಿರಾಜ್ ಬಿಸರಳ್ಳಿ ಪೌರತ್ವದ ದಾಖಲೆ ಕೇಳುವವರನ್ನು ಪ್ರಶ್ನಿಸಿ ಓದಿದರು. ದೂರು ಬಿತ್ತು, ಪ್ರಕರಣ ದಾಖಲಾಯಿತು. ಫೆಬ್ರುವರಿಯಲ್ಲಿ ಕವಿಯ ಜೊತೆಗೆ, ಆ ಕವಿತೆಯನ್ನು ಹಂಚಿಕೊಂಡ ಪತ್ರಕರ್ತರೂ ಬಂಧನಕ್ಕೊಳಗಾಗಿ ಜಾಮೀನು ಪಡೆಯಬೇಕಾಯಿತು. ಅದು ಸರ್ಕಾರವೇ ನಡೆಸಿದ ಉತ್ಸವ, ಸರ್ಕಾರದ್ದೇ ಮೈಕು. ಕರೆದವರಿಗೆ ಕವಿಯ ಬೆನ್ನಿಗೆ ನಿಲ್ಲುವ ಹೊಣೆ ಇಲ್ಲವೆಂದಾದರೆ ಮುಂದೆ ಎಲ್ಲರೂ ತಾಯಿ, ಮಳೆ, ಕನ್ನಡಾಂಬೆಯ ಮೇಲೆ ಮಾತ್ರ ಬರೆಯುತ್ತಾರೆ. ಬರೆಯುತ್ತಲೂ ಇದ್ದಾರೆ.

ಪೌರತ್ವದ ಮಾತು ಸಿಂಧನೂರಿಗೆ ದೂರದ್ದೂ ಅಲ್ಲ. ಪೂರ್ವ ಬಂಗಾಳದಿಂದ ಬಂದ ಕುಟುಂಬಗಳು ಇಲ್ಲಿನ ಆರ್‌ಎಚ್ (ಪುನರ್ವಸತಿ) ಕ್ಯಾಂಪ್‌ಗಳಲ್ಲಿ ತಲೆಮಾರಿನಿಂದ ಇವೆ. ಪೌರತ್ವ ತಿದ್ದುಪಡಿ ಕಾಯ್ದೆ ಅವರಿಗೆ ಆಸರೆಯಾಗಿ ಕಂಡಿದ್ದರೂ ಕಂಡಿರಬಹುದು. ಸಿರಾಜ್ ಓದಿದ್ದಕ್ಕೆ ಕ್ಯಾಂಪಿನ ಒಬ್ಬ ಹುಡುಗಿ ಕನ್ನಡದಲ್ಲೇ ಎದುರು ಉತ್ತರ ಓದಿದ್ದರೆ ಅದನ್ನು ನಿಜವಾದ ಗೋಷ್ಠಿ ಎನ್ನಬಹುದಿತ್ತು. ಕ್ಯಾಂಪು, ತಾಂಡಾ, ಹಟ್ಟಿ ಗಣಿಯ ಪಾಳಿ ಕೆಲಸಗಾರರ ಕಾಲೊನಿ, ಇಲ್ಲಿಗೆಲ್ಲ ಹೋಗಿ ‘ಏನು ಬರೀತೀರಿ’ ಎಂದು ಕೇಳುವ ಪುರುಸೊತ್ತು ಪಟ್ಟಿ ಮಾಡುವವರಿಗೆ ಇದ್ದಂತಿಲ್ಲ.

ಉದ್ದನೆಯ ಪಟ್ಟಿಯಿಂದಲೇ ಅಲ್ಲವೆ ದಲಿತ ಹುಡುಗರು, ಹೆಣ್ಣುಮಕ್ಕಳು ಮೊದಲ ಸಲ ಮೈಕ್ ಹಿಡಿದದ್ದು ಎಂಬ ವಾದವಿದೆ. ನಿಜ, ಆ ಬಾಗಿಲು ಮುಚ್ಚಬಾರದು. ಆದರೆ ಮೊದಲ ಸಲ ಮೈಕ್ ಹಿಡಿದವಳಿಗೆ ಖಾಲಿ ಕುರ್ಚಿ ತೋರಿಸಿ, ಮಾತಿನ ನಡುವೆ ಚೀಟಿ ಕಳಿಸಿ ಕೂರಿಸುವುದನ್ನು ಅವಕಾಶ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಮೂರೂ ತಾಲ್ಲೂಕುಗಳ ಪರಿಷತ್ ಘಟಕಗಳು ಮುಂದಿನ ಆಮಂತ್ರಣ ಅಚ್ಚಿಗೆ ಕೊಡುವ ಮೊದಲು ಒಮ್ಮೆ ಕೂತು ಮಾತಾಡಲಿ. ಸಮ್ಮೇಳನಕ್ಕೆ ಆರೇ ಕವಿಗಳು ಸಾಕು, ಒಬ್ಬೊಬ್ಬರಿಗೆ ಕಾಲು ಗಂಟೆ. ಉಳಿದವರಿಗೆ ವರ್ಷವಿಡೀ ತಿಂಗಳಿಗೊಂದು ಓದು ಇಡಲಿ. ಅದಕ್ಕೆ ಹೋಬಳಿಯ ಶಾಲೆಯ ಪಡಸಾಲೆ ಸಾಕು, ಫ್ಲೆಕ್ಸು, ಶಾಲು ಬೇಡ. ಪ್ರಮಾಣಪತ್ರ ನಿಲ್ಲಲಿ. ಓದಿದ ಕವಿತೆಯ ಮೇಲೆ ಯಾರಾದರೂ ದೂರು ಕೊಟ್ಟರೆ, ಕರೆದ ಘಟಕವೇ ಕವಿಯ ಜೊತೆ ಠಾಣೆಗೆ ಹೋಗುತ್ತದೆ ಎಂದು ಬರೆದುಕೊಡಲಿ. ಕವಿಗೋಷ್ಠಿ ಬೆಳಿಗ್ಗೆ ಹತ್ತಕ್ಕೇ ಶುರುವಾಗಲಿ, ಉದ್ಘಾಟನೆ ಸಂಜೆಗೆ. ಶಾಸಕರಿಗೂ ಅದೇ ಅನುಕೂಲ, ಹೇಗೂ ತಡವಾಗಿಯೇ ಬರುತ್ತಾರೆ.