ಮೇಜಿನ ಕೆಳಗಿನ ಗೋಜಲು

ಮುಂಬಯಿಯ ಮನೆಗಳಲ್ಲಿ ಮೇಜು ಒಂದೇ. ಅದರ ಒಡೆಯರು ಮಾತ್ರ ಹಲವರು. ಬೆಳಿಗ್ಗೆ ಮಕ್ಕಳ ಪಾಠ, ಮಧ್ಯಾಹ್ನ ಇಸ್ತ್ರಿ, ರಾತ್ರಿ ಯಜಮಾನರ ಕಚೇರಿಯ ಕೆಲಸ, ಎಲ್ಲವೂ ಅದರ ಮೇಲೆಯೇ. 2020ರ ಲಾಕ್‌ಡೌನಿನಲ್ಲಿ ಶಾಲೆಯೂ ಕಚೇರಿಯೂ ಒಟ್ಟಿಗೇ ಮನೆಯೊಳಕ್ಕೆ ನುಗ್ಗಿದವಷ್ಟೆ. ಅವು ಹಿಂತಿರುಗಿ ಹೋದರೂ ಅವುಗಳ ತಂತಿಗಳು ನಮ್ಮಲ್ಲೇ ಠಿಕಾಣಿ ಹೂಡಿವೆ. ಕಳೆದ ತಿಂಗಳು ಮೇಜಿನ ಕೆಳಗೆ ಬಗ್ಗಿ ಎಣಿಸಿದೆವು: ಹನ್ನೊಂದು. ಅವುಗಳಲ್ಲಿ ನಾಲ್ಕು ಯಾವುದರ ತಂತಿಗಳೆಂದು ಮನೆಯಲ್ಲಿ ಒಬ್ಬರಿಗೂ ತಿಳಿಯದು.

ಹೀಗೆ ಎಣಿಸಲು ಕಾರಣವಿತ್ತು. ಹಿಂದಿನ ರಾತ್ರಿ ನೀರು ಕುಡಿಯಲೆಂದು ಎದ್ದ ಅತ್ತೆಯವರ ಕಾಲಿಗೆ ಒಂದು ತಂತಿ ಸುತ್ತಿಕೊಂಡಿತು. ಪುಣ್ಯಕ್ಕೆ ಗೋಡೆ ಕೈಗೆ ಸಿಕ್ಕಿತು. “ಏನೂ ಆಗಲಿಲ್ಲ ಮಗಳೇ, ಹಾವು ಮೆಟ್ಟಿದೆನೋ ಎಂದುಕೊಂಡೆ” ಎಂದು ಅವರು ನಕ್ಕರು. ನಮಗೆ ನಗು ಬರಲಿಲ್ಲ. ಎಪ್ಪತ್ತೆಂಟರ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಗತಿಯೇನು?

ಲೋಹಾರ್ ಚಾಳಿನ ಕಡೆಗೆ ಹೋದರೆ ತಂತಿಗಳನ್ನು ಓರಣವಾಗಿಡುವ ಸಾಧನಗಳು ಬೇಕಾದಷ್ಟು ಸಿಗುತ್ತವೆ. ಆದರೆ ಮನೆಯಲ್ಲಿರುವುದರಿಂದಲೇ ಮಾಡೋಣವೆಂದು ಹೊರಟೆವು. ಮೊದಲ ಪ್ರಯತ್ನ ಕೆಟ್ಟಿತೆಂಬುದನ್ನು ಮುಚ್ಚಿಡುವುದಿಲ್ಲ. ಬೂಟಿನ ರಟ್ಟಿನ ಪೆಟ್ಟಿಗೆಯೊಳಗೆ ಎಕ್ಸ್‌ಟೆನ್ಷನ್ ಬೋರ್ಡನ್ನೂ ಚಾರ್ಜರುಗಳನ್ನೂ ತುಂಬಿ, ಮುಚ್ಚಳ ಹಾಕಿ, ಮೇಲೆ ಬಣ್ಣದ ಕಾಗದ ಅಂಟಿಸಿದೆವು. ನೋಡಲು ಬಲು ಚೆಂದ! ಒಂದು ಗಂಟೆಯ ಮೇಲೆ ಮುಚ್ಚಳ ತೆಗೆದರೆ ಒಳಗೆಲ್ಲ ಕಾವು. ಲ್ಯಾಪ್‌ಟಾಪಿನ ಅಡಾಪ್ಟರು ಕೈಯಿಟ್ಟರೆ ಸುಡುವಂತಿತ್ತು. ಚಾರ್ಜರು ಕೆಲಸ ಮಾಡುವಾಗ ಬಿಸಿಯಾಗುವುದು ಸಹಜ. ಆ ಬಿಸಿ ಹೊರಗೆ ಹೋಗಲು ಗಾಳಿ ಬೇಕು. ಅದನ್ನು ರಟ್ಟಿನಲ್ಲಿ ಮುಚ್ಚುವುದೆಂದರೆ ಒಲೆಯ ಪಕ್ಕದಲ್ಲಿ ಸೌದೆ ಒಟ್ಟಿದಂತೆ. ಉದ್ದದ ತಂತಿಯನ್ನು ಬಿಗಿಯಾಗಿ ಸುರುಳಿ ಸುತ್ತಿಟ್ಟು ಹೆಚ್ಚು ವಿದ್ಯುತ್ತು ಹರಿಸಿದರೂ ಇದೇ ಕಥೆ. ನಡುವಿನ ಸುತ್ತುಗಳ ಬಿಸಿಗೆ ಹೊರಗೆ ಹೋಗಲು ದಾರಿಯಿಲ್ಲ.

ಪೆಟ್ಟಿಗೆಯನ್ನು ಎಸೆದು, ತರಕಾರಿಯ ಹಳೆಯ ಜಾಲರಿ ಬುಟ್ಟಿಯೊಂದನ್ನು ಮೇಜಿನ ಹಲಗೆಯ ತಳಕ್ಕೆ ನಾಲ್ಕು ಕೊಕ್ಕೆಗಳಿಂದ ತೂಗುಹಾಕಿದೆವು. ಚಾರ್ಜರುಗಳು ಈಗ ಅದರಲ್ಲಿ ಬಿಡಿಬಿಡಿಯಾಗಿ ಕುಳಿತಿವೆ. ಬೋರ್ಡನ್ನು ನೆಲದಿಂದೆತ್ತಿ ಮೇಜಿನ ಕಾಲಿಗೆ ಮೊಳದೆತ್ತರದಲ್ಲಿ ಸ್ಕ್ರೂ ಹಾಕಿ ನಿಲ್ಲಿಸಿದೆವು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದುದನ್ನು ಕಂಡವರಿಗೆ, ಕೆಳ ಅಂತಸ್ತಿನ ಮನೆಯಲ್ಲಿ ಬೋರ್ಡು ನೆಲದ ಮೇಲೇಕೆ ಇರಕೂಡದೆಂದು ಬೇರೆ ಹೇಳಬೇಕಾಗಿಲ್ಲ. ಅಂತಹ ಮಳೆ ಬಂದರೆ ಮೊಳದೆತ್ತರವೂ ಸಾಲದು. ನೀರು ಒಳಗೆ ಬರುವ ಮೊದಲೇ ಮೇನ್ ಸ್ವಿಚ್ಚನ್ನು ಆರಿಸಬೇಕು.

ಲೆಕ್ಕವೊಂದನ್ನು ಸೋದರಿಯರು ನೆನಪಿಡಬೇಕು. ನಮ್ಮ ಮನೆಗಳಿಗೆ ಬರುವುದು 230 ವೋಲ್ಟು. ಸಣ್ಣ ಮೂರು ಕಡ್ಡಿಯ ಪ್ಲಗ್ಗು 6 ಆಂಪಿಯರಿನದು. ಎರಡನ್ನೂ ಗುಣಿಸಿದರೆ 1380 ವಾಟು. ಬೋರ್ಡಿಗೆ ಎಷ್ಟೇ ತೂತುಗಳಿರಲಿ, ಎಲ್ಲವೂ ಸೇರಿ ಅಷ್ಟೇ. ಲ್ಯಾಪ್‌ಟಾಪಿಗೆ ಸುಮಾರು 65 ವಾಟು ಸಾಕು, ಮೊಬೈಲಿಗೆ ಇನ್ನೂ ಕಡಿಮೆ. ಆದರೆ 1500 ವಾಟಿನ ನೀರು ಕಾಯಿಸುವ ಕೆಟಲು ಒಂದೇ ಆ ಮಿತಿಯನ್ನು ದಾಟುತ್ತದೆ. ಇಸ್ತ್ರಿಯನ್ನೂ ಗೋಡೆಯ ಪ್ಲಗ್ಗಿಗೇ ಹಾಕುವುದು ಕ್ಷೇಮ. ಮೇಲ್ಹೊದಿಕೆ ಬಿರಿದ ತಂತಿಗೆ ಟೇಪು ಸುತ್ತಿ ದಿನ ನೂಕಬೇಡಿ.

ಇನ್ನು ಕಟ್ಟುವ ಮಾತು. ಹರಿದ ನೂಲಿನ ಸೀರೆಯ ಅಂಚನ್ನು ಒಂದಿಂಚು ಅಗಲ, ಎಂಟಿಂಚು ಉದ್ದಕ್ಕೆ ಕತ್ತರಿಸಿ, ತುದಿಗೆ ಟಿಚ್ ಬಟನ್ ಹೊಲಿದೆವು. ತಂತಿಯನ್ನು ಸಡಿಲವಾಗಿ ಮಡಿಸಿ ಈ ಪಟ್ಟಿಯಿಂದ ಹಿಡಿಸಿದರಾಯಿತು. ಮೊಬೈಲಿನ ತಂತಿಯ ತುದಿ ಪದೇ ಪದೇ ಕೆಳಗೆ ಜಾರುವುದಕ್ಕೆ ಮದ್ದು, ಕಾಗದದ ಕಟ್ಟು ಹಿಡಿಯುವ ಕಪ್ಪು ತಗಡಿನ ಕ್ಲಿಪ್ಪು. ಎರಡಿಂಚಿನದನ್ನು ಮೇಜಿನ ಅಂಚಿಗೆ ಕಚ್ಚಿಸಿ, ಅದರ ತಂತಿಯ ಹಿಡಿಯೊಳಗೆ ತುದಿಯನ್ನು ತೂರಿಸಿದರೆ, ತಲೆ ದಪ್ಪವಾದ್ದರಿಂದ ಅದು ಅಲ್ಲೇ ನಿಲ್ಲುತ್ತದೆ.

ಆ ನಾಲ್ಕು ಅನಾಥ ತಂತಿಗಳನ್ನು ಭಂಗಾರದವನಿಗೆ ಕೊಡುವುದೆಂದಾಯಿತು. (ಊರಿನಲ್ಲಿ ಬಂಗಾರವೆಂದರೆ ಚಿನ್ನ, ಇಲ್ಲಿ ಭಂಗಾರವೆಂದರೆ ಗುಜರಿ, ನಮ್ಮ ಅತ್ತೆಯವರು ಮುಂಬಯಿಗೆ ಬಂದ ಹೊಸತರಲ್ಲಿ ಬೀದಿಯ ಕೂಗು ಕೇಳಿ ಬೆರಗಾಗಿದ್ದರಂತೆ!) ಕೊನೆಗೆ ಸೊಸೈಟಿಯವರು ಇ-ತ್ಯಾಜ್ಯ ಸಂಗ್ರಹಿಸುವ ದಿನಕ್ಕೆಂದು ಎತ್ತಿಟ್ಟೆವು. ತಾಮ್ರದ ಆಸೆಗೆ ತಂತಿ ಸುಡುವವರ ಕೈಗೆ ಹೋದರೆ ಆ ವಿಷದ ಹೊಗೆ ಯಾರದೋ ಮಕ್ಕಳ ಎದೆಗೆ.

ಉಳಿದ ತಂತಿಗಳಿಗೆ ಚೀಟಿ ಬೇಕಾಯಿತು. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಅತ್ತೆಯವರ ಮುಂದಿಟ್ಟೆವು. ಅವರ ಕೈಬರಹ ದುಂಡು. ಅಜ್ಜಿ, ಅಪ್ಪ, ಅಮ್ಮ ಎಂದು ಬರೆದು ಕಟ್ಟಿದರು. ನಮ್ಮ ಕಿರಿಯವನು ಇಂಗ್ಲಿಷು ಶಾಲೆಯ ಹುಡುಗ. ಕನ್ನಡದಲ್ಲಿ ‘ಅ’ ಒಂದನ್ನು ಬಲ್ಲ. ಮೂರೂ ಅದರಿಂದಲೇ ಆರಂಭವಾದ್ದರಿಂದ ಮೊದಲ ದಿನ ಅಜ್ಜಿಯ ಫೋನಿಗೆ ಅಪ್ಪನ ತಂತಿಯನ್ನು ತುರುಕಲು ಹೋಗಿ ಬೈಸಿಕೊಂಡ. ಈಗ ಎರಡನೆಯ ಅಕ್ಷರವನ್ನೂ ಬೆರಳಿಟ್ಟು ನೋಡುತ್ತಾನೆ. ಮೊನ್ನೆ ತನ್ನ ತಂತಿಗೆ ತಾನೇ ಚೀಟಿ ಬರೆದು ಕಟ್ಟಿದ್ದಾನೆ: ‘ನನದು’. ಒತ್ತು ಬಿಟ್ಟುಹೋಗಿದೆ. ತಿದ್ದಲು ಪೆನ್ನು ಎತ್ತಿಕೊಂಡೆವು, ಅತ್ತೆಯವರು ಬಿಡಲಿಲ್ಲ.