ಸ್ವಾಮಿಗೆ ಮೂರನೇ ರಾತ್ರಿ ಕಂಡದ್ದು

ಈ ವಾರ ಮೈಸೂರಿನ ನಮ್ಮ ರಾಮಕೃಷ್ಣನಗರದಲ್ಲಿ ಮತ್ತೊಂದು ವ್ಯಸನಮುಕ್ತಿ ಜಾಥಾ. ಆಂದೋಲನ ಸರ್ಕಲ್ಲಿನ ಬಿಸಿಲಲ್ಲಿ ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಮೈಕು ಹಿಡಿದವರೊಬ್ಬರು ಅಲ್ಲಿಲ್ಲದ ಕುಡುಕರಿಗೆ ಆಜ್ಞೆ ಹೊರಡಿಸಿದರು: ‘ಇಂದೇ ಬಿಡಿ, ಈಗಲೇ ಬಿಡಿ, ಮನಸ್ಸು ಮಾಡಿದರೆ ಸಾಕು!’ ಮಕ್ಕಳು ಚಪ್ಪಾಳೆ ತಟ್ಟಿದವು. ನನಗೆ ಮೈ ಉರಿಯಿತು. ಇಪ್ಪತ್ತು ವರ್ಷ ದಿನಾ ಬಾಟಲಿ ಇಳಿಸಿದವನು ಈ ಮಾತು ಕೇಳಿ ನಿಜಕ್ಕೂ ಈಗಲೇ ಬಿಟ್ಟರೆ ಸತ್ತೇ ಹೋಗಬಹುದು. ಅದನ್ನು ಮಾತ್ರ ಯಾವ ಮೈಕಿನಲ್ಲೂ ಹೇಳುವುದಿಲ್ಲ.

2025ರ ಜುಲೈನಲ್ಲಿ ಮುಂಬೈ ಪೊಲೀಸರು ಬಂದು ನಮ್ಮ ರಿಂಗ್ ರಸ್ತೆ ಬದಿಯಲ್ಲಿ ಡ್ರಗ್ಸ್ ಕಾರ್ಖಾನೆ ಹಿಡಿದ ಮೇಲೆ ಮೈಸೂರಿಗೆ ಜಾಥಾದ ಜ್ವರ ಏರಿದೆ. ಹಿಡಿದದ್ದು ಒಳ್ಳೆಯದೇ. ನಮ್ಮವರಿಗಿಂತ ಮೊದಲು ಮುಂಬೈಯವರ ಮೂಗಿಗೆ ಬಡಿದದ್ದು ಹೇಗೆ ಅನ್ನುವುದು ಬೇರೆ ಮಾತು. ಆದರೆ ಬಿಡುವಾಗಿನ ಕಷ್ಟದ ವಿಚಾರಕ್ಕೆ ಬಂದರೆ ಲೆಕ್ಕ ತಿರುಗಾಮುರುಗಾ. ಗಾಂಜಾ ಬಿಟ್ಟವನು ನಿದ್ದೆಗೆಟ್ಟು ಮನೆಯವರ ಮೇಲೆ ಸಿಡುಕುತ್ತಾನೆ. ಹೆರಾಯಿನ್ನೋ ಟ್ಯಾಪೆಂಟಡಾಲ್ ಎಂಬ ನೋವಿನ ಮಾತ್ರೆಯೋ ಬಿಟ್ಟವನು ಮೈಕೈ ನೋವು, ವಾಂತಿ, ಭೇದಿಯಲ್ಲಿ ಹೊರಳಾಡುತ್ತಾನೆ. ಸತ್ತರೆ ಸಾಕು ಅನ್ನಿಸುತ್ತದೆ, ಸಾಯುವುದು ಅಪರೂಪ. (ಅವನ ಅಪಾಯ ಮುಂದಿದೆ. ಕೆಲವು ವಾರ ಬಿಟ್ಟು ಮತ್ತೆ ಹಳೇ ಅಳತೆಯಲ್ಲೇ ತೆಗೆದುಕೊಂಡರೆ, ಅಷ್ಟು ತಾಳಿಕೊಳ್ಳುವ ಅಭ್ಯಾಸ ಮೈಗೆ ತಪ್ಪಿರುತ್ತದೆ, ಉಸಿರೇ ನಿಲ್ಲಬಹುದು.) ಬಿಟ್ಟ ಕಾರಣಕ್ಕೇ ಪ್ರಾಣ ತೆಗೆಯಬಲ್ಲವು ಮುಖ್ಯವಾಗಿ ಎರಡು: ಮದ್ಯ, ಮತ್ತು ನಿದ್ದೆ ಮಾತ್ರೆ. ಎರಡಕ್ಕೂ ಲೈಸೆನ್ಸ್ ಇರುವ ಅಂಗಡಿಗಳಿವೆ.

ನಮ್ಮ ಕಡೆ ಕುಡಿತ ದಿಢೀರನೆ ನಿಲ್ಲುವ ದಿನಗಳು ಪಂಚಾಂಗದಲ್ಲೇ ಇವೆ. ಶ್ರಾವಣ, ನವರಾತ್ರಿ, ಆಮೇಲೆ ಕಾರ್ತಿಕದಲ್ಲಿ ಅಯ್ಯಪ್ಪ ಮಾಲೆ. ನಮ್ಮ ಬೀದಿಯ ಇಸ್ತ್ರಿ ಗಾಡಿಯವ ಒಂದು ವರ್ಷ ಮಾಲೆ ಹಾಕಿದ. ಬೆಳಿಗ್ಗೆ ಒಂದು ನೈಂಟಿ ಬೀಳದೆ ಇಸ್ತ್ರಿ ಪೆಟ್ಟಿಗೆ ಹಿಡಿಯಲು ಕೈ ನಿಲ್ಲದಿದ್ದ ಮನುಷ್ಯ. ಮಾಲೆ ಬಿದ್ದದ್ದೇ ತಡ, ನಿನ್ನೆಯವರೆಗೂ ಅವನನ್ನು ಏಕವಚನದಲ್ಲಿ ಬೈಯುತ್ತಿದ್ದ ಬೀದಿಯೆಲ್ಲ ‘ಸ್ವಾಮಿ, ಸ್ವಾಮಿ’ ಅಂದಿತು. ಮರುದಿನ ನಡುಗುತ್ತಿದ್ದ, ಚಳಿಯಲ್ಲಿ ತಣ್ಣೀರು ಸ್ನಾನ ಅಲ್ಲವೇ, ಅಂದುಕೊಂಡೆವು. ಎರಡನೇ ದಿನ ನಿದ್ದೆಯಿಲ್ಲ, ಬೆವರು. ವ್ರತದ ನಿಷ್ಠೆ ಅಂದರು. ಮೂರನೇ ರಾತ್ರಿ ಅವನ ಹೆಂಡತಿ ಓಡಿ ಬಂದಳು. ‘ಸಾರ್, ಸ್ವಾಮಿ ಮೈಮೇಲೆ ಬಂದವ್ನೆ!’ ಹೋಗಿ ನೋಡಿದರೆ ಮನುಷ್ಯ ಬರಿಗೈಯಲ್ಲಿ ಚಾಪೆಗೆ ಇಸ್ತ್ರಿ ಹಾಕುತ್ತಿದ್ದಾನೆ. ಮೂರನೇ ಕ್ರಾಸಿನವರ ಪಂಚೆ ಅರ್ಜೆಂಟಂತೆ. ನಡುನಡುವೆ ಗೋಡೆಯಿಂದ ಇಳಿಯುವ ಇರುವೆ ಒರೆಸುತ್ತಾನೆ. ಗೋಡೆಯ ಮೇಲೆ ಒಂದು ಇರುವೆಯೂ ಇಲ್ಲ. ಗುರುಸ್ವಾಮಿ ಕರ್ಪೂರ ಹಚ್ಚಿ ಶರಣು ಕೂಗಿಸುತ್ತಿದ್ದರು.

ನನ್ನ ತಂಗಿಯ ಮಗಳು ಡಾಕ್ಟರು. ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ‘ಕೊನೇ ಸಲ ಕುಡಿದದ್ದು ಯಾವಾಗ?’ ಹೇಳಿದೆ. ‘ಮಾಮ, ಕರ್ಪೂರ ಆರಿಸಿ, ಆಟೊ ಹತ್ತಿಸಿ.’

ಅದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತಾರೆ. ಭ್ರಮೆಯಲ್ಲಿ ತನ್ನ ಕಸುಬಿನ ಕೆಲಸವನ್ನೇ ಮಾಡುವುದು ಅದರ ಹಳೆಯ, ಪಠ್ಯಪುಸ್ತಕದ ಲಕ್ಷಣ. ನಡೆಯುವುದು ಹಗ್ಗಜಗ್ಗಾಟ. ಮದ್ಯ ಒಂದು ಕಡೆಯಿಂದ ಎಳೆಯುತ್ತದೆ: ಮಿದುಳನ್ನು ತಣ್ಣಗಾಗಿಸುವ ಗ್ಯಾಬಾ ರಾಸಾಯನಿಕದ ಕೆಲಸ ಹೆಚ್ಚಿಸುತ್ತದೆ, ಕೆರಳಿಸುವ ಗ್ಲುಟಮೇಟ್‌ನದ್ದನ್ನು ಅದುಮುತ್ತದೆ. ಮಿದುಳು ಸುಮ್ಮನಿರುವುದಿಲ್ಲ. ವರ್ಷಗಟ್ಟಲೆ ಎದುರು ಜಗ್ಗುತ್ತದೆ, ಗ್ಯಾಬಾಗೆ ಕಿವುಡಾಗುತ್ತದೆ, ಗ್ಲುಟಮೇಟ್ ಹಿಡಿಯುವ ಗ್ರಾಹಕಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಒಂದು ಬೆಳಿಗ್ಗೆ ಮದ್ಯ ಹಗ್ಗ ಬಿಟ್ಟುಬಿಟ್ಟರೆ ಮಿದುಳು ಹಿಂದಕ್ಕೆ ಮಗುಚಿ ಬೀಳುತ್ತದೆ. ಮೊದಲ ದಿನವೇ ನಡುಕ, ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕು ದಿನದ ನಡುವೆ ಈ ಭ್ರಮೆ. ಎಲ್ಲ ಕುಡುಕರಿಗೂ ಬರುವುದಿಲ್ಲ. ಬೆಳಗಿನ ನಡುಕಕ್ಕೇ ಕುಡಿಯಬೇಕಾದವನಿಗೆ, ಹಿಂದೊಮ್ಮೆ ಫಿಟ್ಸ್ ಬಂದವನಿಗೆ ಭಯ ಜಾಸ್ತಿ. ಚಿಕಿತ್ಸೆ ಗೊತ್ತಿಲ್ಲದ ಕಾಲದಲ್ಲಿ ಈ ಸ್ಥಿತಿಗೆ ಹೋದವರಲ್ಲಿ ಮೂರರಲ್ಲೊಬ್ಬರವರೆಗೂ ಸಾಯುತ್ತಿದ್ದರು. ಈಗ ಸಮಯಕ್ಕೆ ಚಿಕಿತ್ಸೆ ಸಿಕ್ಕರೆ ನೂರಕ್ಕೆ ಐದಕ್ಕಿಂತ ಕಡಿಮೆ.

ಚಿಕಿತ್ಸೆಯೇನು ಆಕಾಶದಿಂದ ಇಳಿಯಬೇಕಿಲ್ಲ. ಕ್ಲೋರ್‌ಡಯಾಜೆಪಾಕ್ಸೈಡ್, ಅಂದರೆ 1960ರಲ್ಲಿ ಲಿಬ್ರಿಯಂ ಅನ್ನುವ ಹೆಸರಲ್ಲಿ ಮಾರುಕಟ್ಟೆಗೆ ಬಂದ ಹಳೇ ಮಾತ್ರೆ. ಮದ್ಯ ಬಿಟ್ಟ ಹಗ್ಗವನ್ನು ಅದು ಹಿಡಿದುಕೊಳ್ಳುತ್ತದೆ. ಡಾಕ್ಟರು ದಿನದಿನಕ್ಕೆ ಅಳತೆ ಇಳಿಸಿ ಒಂದು ವಾರ, ಹತ್ತು ದಿನದಲ್ಲಿ ಬಿಡಿಸುತ್ತಾರೆ. ಲಿವರ್ ಹಾಳಾದವರಿಗೆ ಲೊರಾಜೆಪಾಮ್. ಜೊತೆಗೆ ಥಯಮಿನ್, ಬಿ1 ವಿಟಮಿನ್. ಇಲ್ಲಿ ನನ್ನದೊಂದು ಹಳೇ ಜಗಳವಿದೆ. ನಮ್ಮ ಜನಕ್ಕೆ ಸುಸ್ತು ಅಂದರೆ ಗ್ಲೂಕೋಸ್. ‘ಒಂದು ಬಾಟ್ಲು ಹಾಕ್ಸಿಬಿಡಿ ಡಾಕ್ಟ್ರೇ’ ಎಂದು ಕೇಳಿ ಹಾಕಿಸಿಕೊಳ್ಳುತ್ತಾರೆ, ಕೇಳಿದ್ದಕ್ಕೆ ಹಾಕುವ ಕ್ಲಿನಿಕ್ಕುಗಳೂ ಇವೆ. ಊಟ ಬಿಟ್ಟು ಕುಡಿದವನ ಮೈಯಲ್ಲಿ ಬಿ1 ಖಾಲಿಯಾಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಉಳಿದ ಚೂರೂ ಕರಗಿ, ಕಣ್ಣು ಓಲಾಡಿ, ನಡಿಗೆ ತಪ್ಪಿ, ನೆನಪು ಶಾಶ್ವತವಾಗಿ ಹೋಗಬಹುದು. ಇನ್ನು ‘ಅವರಿಗೆ ತಿಳಿಯದಂತೆ ಕುಡಿತ ಬಿಡಿಸಿ’ ಎಂದು ಗೋಡೆಗೆ ಅಂಟಿಸುವ ಪುಡಿಯವರ ಬಗ್ಗೆ ಬರೆಯಲು ಹೋದರೆ ನನ್ನ ರಕ್ತದೊತ್ತಡಕ್ಕೆ ಒಳ್ಳೆಯದಲ್ಲ. ಡೈಸಲ್ಫಿರಾಮ್ ಮಾತ್ರೆಯನ್ನು ಸಾರಿನಲ್ಲಿ ಕದ್ದು ಬೆರೆಸುವ ಮನೆಗಳೂ ಇವೆ. ಅದರ ಮೇಲೆ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಬಿಪಿ ಕುಸಿಯುತ್ತದೆ. ಹೃದಯ ದುರ್ಬಲವಾಗಿದ್ದರೆ ತಿಥಿಯೇ.

ಇದೆಲ್ಲ ನಮಗೆ ಯಾರೂ ಕಲಿಸಲಿಲ್ಲವೇ? 2020ರ ಲಾಕ್‌ಡೌನ್ ಕಲಿಸಿತು. ಮಾರ್ಚ್ ಕೊನೆಗೆ ಬಾರು, ಮದ್ಯದಂಗಡಿ ಎಲ್ಲ ಬಂದ್. ಇಡೀ ರಾಜ್ಯ ಒಟ್ಟಿಗೆ ಮಾಲೆ ಹಾಕಿದಂತಾಯಿತು. ಬೆಂಗಳೂರಿನ ಆಸ್ಪತ್ರೆಗಳ ದಾಖಲೆ ನೋಡಿದ ನಿಮ್ಹಾನ್ಸ್ ವೈದ್ಯರು, ಮದ್ಯ ನಿಂತು ಆರೋಗ್ಯ ತೀವ್ರವಾಗಿ ಕೆಟ್ಟು ಬಂದವರ ಸಂಖ್ಯೆ ದಿನಕ್ಕೆ ಸರಾಸರಿ 4ರಿಂದ 8ಕ್ಕೆ ಏರಿತ್ತು ಎಂದು ಬರೆದರು. ಆತ್ಮಹತ್ಯೆಗಳೂ ವರದಿಯಾದವು. ಕೇರಳ ಸರ್ಕಾರ ಡಾಕ್ಟರ ಚೀಟಿಗೆ ಮದ್ಯವನ್ನೇ ಕೊಡಿಸಲು ಹೊರಟು ಹೈಕೋರ್ಟಿನಲ್ಲಿ ತಡೆ ಕಂಡಿತು. ಚೀಟಿಯಲ್ಲಿ ಬರೆಯಬೇಕಿದ್ದದ್ದು ಮಾತ್ರೆಯ ಹೆಸರು. ನಮ್ಮಲ್ಲಿ ಮೇ 4ರಂದು ಅಂಗಡಿ ತೆರೆದಾಗ ಮೊದಲ ದಿನ 45 ಕೋಟಿ, ಮರುದಿನ 197 ಕೋಟಿ ವ್ಯಾಪಾರ. ನಾವು ಸರತಿ ಸಾಲಿನ ವಿಡಿಯೊ ಹಂಚಿ ನಕ್ಕೆವು. ಆ ಸಾಲಿನಲ್ಲಿ ನಡುಗುತ್ತ ನಿಂತವರು ಯಾರು ಅಂತ ಒಬ್ಬ ಆರೋಗ್ಯಾಧಿಕಾರಿಯೂ ಹೋಗಿ ಕೇಳಿದಂತೆ ಕಾಣಲಿಲ್ಲ. ಹುಡುಕುವ ಶ್ರಮವೂ ಇರಲಿಲ್ಲ, ಅವರೇ ಆರಡಿ ಅಂತರದಲ್ಲಿ ನಿಂತಿದ್ದರು.

ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ವ್ಯಸನವನ್ನೂ ಕಾಯಿಲೆಯ ಪಟ್ಟಿಗೆ ಸೇರಿಸಿ, ವಿಮೆಯಲ್ಲಿ ಭೇದ ಮಾಡಬಾರದು ಅಂದಿತು. ಆದರೂ ನಿಮ್ಮ ಪಾಲಿಸಿ ತೆಗೆದು, ಅದು ಹಣ ಕೊಡದ ಚಿಕಿತ್ಸೆಗಳ ಪಟ್ಟಿ ಓದಿ. ‘ಮದ್ಯ, ಮಾದಕ ವ್ಯಸನ’ ಅಲ್ಲಿ ಇರುವ ಸಂಭವವೇ ಹೆಚ್ಚು. ವ್ಯಸನಮುಕ್ತಿಗೆ ಉಚಿತ ಸಹಾಯವಾಣಿ 14446, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416 ಇವೆ. ಇವನ್ನು ಬಾರಿನ ಬಿಲ್ಲಿನ ಹಿಂದೆ ಅಚ್ಚು ಹಾಕಿಸಲು ಎಷ್ಟು ಖರ್ಚು?

ನಮ್ಮ ಇಸ್ತ್ರಿಯವ ಬದುಕಿಕೊಂಡ, ಆ ವರ್ಷ ಶಬರಿಮಲೆ ತಪ್ಪಿತು. ಮನಸ್ಸು ಮಾಡಲಿಲ್ಲ ಎಂದು ಅವನನ್ನು ಯಾರೂ ಬೈಯುವಂತಿಲ್ಲ. ಮನಸ್ಸು ಮಾಡಿದ್ದೇ ಅವನ ಪ್ರಾಣಕ್ಕೆ ಬಂದದ್ದು. ಇನ್ನು ಸರ್ಕಾರದ ಮನಸ್ಸು ಎಲ್ಲಿದೆ ನೋಡಿ: 2025-26ರ ರಾಜ್ಯ ಬಜೆಟ್ಟಿನಲ್ಲಿ ಅಬಕಾರಿಗೆ ನಿಗದಿಯಾದ ಗುರಿ 40,000 ಕೋಟಿ. ವಸೂಲಿ ಹಿಂದೆ ಬಿದ್ದರೆ ಪ್ರಗತಿ ಪರಿಶೀಲನಾ ಸಭೆ ಉಂಟು. ಥಯಮಿನ್ ಮುಗಿದರೆ ಸಭೆ ಕರೆದದ್ದನ್ನು ನಾನು ಕೇಳಿಲ್ಲ. ಸರ್ಕಾರಕ್ಕೆ ಅರ್ಥವಾಗುವ ಭಾಷೆಯಲ್ಲಿ ಒಂದು ಸಲಹೆ. ಬಾಟಲಿಯ ಮೇಲೆ ಮದ್ಯಪಾನ ಆರೋಗ್ಯಕ್ಕೆ ಹಾನಿಕರ ಎಂದು ಅಚ್ಚಾಗುತ್ತದಲ್ಲ, ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ: ದಿಢೀರನೆ ಬಿಡುವುದು ಜೀವಕ್ಕೂ ಖಜಾನೆಗೂ ಹಾನಿಕರ.