ಅಂಟಿಸುವಾಗ ಅಳಿಯುವ ಅರ್ಥ

ಒಂದೆಡೆಯ ಬರಹವನ್ನು ನಕಲಿಸಿ ಗಣಕಯಂತ್ರದ ಎಡಿಟರ್ ತಂತ್ರಾಂಶದಲ್ಲಿ ಅಂಟಿಸಿದರೆ, ಅಕ್ಷರಗಳೊಡನೆ ಅವುಗಳ ಬಣ್ಣ, ಗಾತ್ರ, ಫಾಂಟುಗಳೂ ಬರುತ್ತವೆ. ಈ ಹೊರೆಗೆ ಬೇಸತ್ತು ಅನೇಕರು ವಿನ್ಯಾಸವೆಲ್ಲವೂ ಅಳಿಸಿಹೋಗುವಂತೆ ತಂತ್ರಾಂಶವನ್ನು ಅಣಿಗೊಳಿಸುತ್ತಾರೆ. ಇದು ಯುಕ್ತವೆಂದು ನನಗೆ ತೋರುವುದಿಲ್ಲ.

ಬೆಳಕಿನ ವೇಗವು ಸೆಕೆಂಡಿಗೆ ಸುಮಾರು 3×10⁸ ಮೀಟರು. ಇಲ್ಲಿ 8 ಎಂಬ ಘಾತಾಂಕವನ್ನು ಮೇಲೆತ್ತಿ ನಿಲ್ಲಿಸುವುದು ಸಾಮಾನ್ಯವಾಗಿ ಆ ವಿನ್ಯಾಸವೇ. ಅದು ಅಳಿದೊಡನೆ ಉಳಿಯುವುದು 3×108, ಎಂದರೆ ಬರಿಯ 324 ಮೀಟರು! 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯಲ್ಲಿ ಶಬ್ದವೇ ಸೆಕೆಂಡಿಗೆ ಸುಮಾರು 343 ಮೀಟರು ಸಾಗುತ್ತದೆ. ಬೆಳಕು ಶಬ್ದಕ್ಕಿಂತ ಹಿಂದೆ ಬಿದ್ದಂತಾಯಿತು!

ಆದುದರಿಂದ ಬಣ್ಣ, ಗಾತ್ರ, ಫಾಂಟುಗಳನ್ನು ಮಾತ್ರ ತೊರೆದು, ಮೇಲೆ ಕೆಳಗೆ ನಿಂತ ಅಂಕಿಗಳನ್ನೂ ಶೀರ್ಷಿಕೆ, ಪಟ್ಟಿಗಳನ್ನೂ ಉಳಿಸಿಕೊಳ್ಳುವಂತೆ ನಿಯಮವನ್ನು ಗೊತ್ತುಪಡಿಸಬೇಕು. ಹೊಟ್ಟು ತೂರುವಾಗ ಕಾಳು ಹಾರಿಹೋಗಬಾರದು.